ಮೂರು ಇದ್ದರೂ ಮೂರೂ ಒಟ್ಟಿಗೆ ಕೆಡುವುದು ಹೇಗೆ?

ಪ್ರಶ್ನೆ: ವಿಮಾನ, ರಾಕೆಟ್, ಅಣು ವಿದ್ಯುತ್ ಸ್ಥಾವರ ಇಂಥ ಕಡೆಗಳಲ್ಲಿ ಮುಖ್ಯವಾದದ್ದೆಲ್ಲ ಎರಡೆರಡು, ಮೂರುಮೂರು ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ನೋಡಿಕೊಳ್ಳುತ್ತದೆ ಅಂತ ಓದಿದ್ದೇವೆ. ಹಾಗಿದ್ದೂ ಎಲ್ಲವೂ ಒಟ್ಟಿಗೆ ಕೈಕೊಟ್ಟ ಸುದ್ದಿ ಬರುತ್ತಲ್ಲ, ಅದು ಹೇಗೆ? ಇನ್ನೂ ಒಂದು ಹೆಚ್ಚಿಗೆ ಇಟ್ಟರೆ ಆಗದೇ?

ಉತ್ತರ: ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಕಾಲೇಜಿನಲ್ಲಲ್ಲ, ನಮ್ಮ ಅಪಾರ್ಟ್‌ಮೆಂಟಿನ ಪಂಪ್ ರೂಮಿನಲ್ಲಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತಲು ಅಲ್ಲಿ ಎರಡು ತ್ರೀ ಫೇಸ್ ಪಂಪುಗಳಿವೆ. ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಒಂದು ರಾತ್ರಿ ಓಡುತ್ತಿದ್ದ ಪಂಪು ಗುಂಯ್ ಎಂದು ಸದ್ದು ಮಾಡಿ, ಸುಟ್ಟ ವಾಸನೆ ಬಿಟ್ಟು ನಿಂತಿತು. ವಾಚ್‌ಮನ್ ಹೇಳಿಕೊಟ್ಟ ಹಾಗೆ ಸ್ವಿಚ್ ತಿರುಗಿಸಿ ಎರಡನೆಯದನ್ನು ಹಾಕಿದ. ಅದೂ ಗುಂಯ್ ಎಂದಿತು. ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಲೈನಿನಲ್ಲಿ ಒಂದು ಫೇಸ್ ಹೋಗಿತ್ತು, ಉಳಿದೆರಡು ಫೇಸಿನ ಮೇಲೆ ಎಳೆದೂ ಎಳೆದೂ ಎರಡು ಮೋಟಾರುಗಳ ವೈಂಡಿಂಗೂ ಸುಟ್ಟಿತ್ತು. ಸ್ಟ್ಯಾಂಡ್‌ಬೈ ಇರಲಿಲ್ಲ ಅಂತಲ್ಲ, ಇತ್ತು. ಮೊದಲನೆಯದನ್ನು ಸುಟ್ಟ ಕರೆಂಟಿಗೇ ಎರಡನೆಯದನ್ನೂ ಕೊಟ್ಟಿದ್ದೆವು, ಅಷ್ಟೇ.

ದೊಡ್ಡ ಯಂತ್ರಗಳಲ್ಲಿ ಆಗುವುದೂ ಬಹುಪಾಲು ಇದೇ. ಒಂದಕ್ಕೆ ಎರಡು ಇಡುವುದರ ಹಿಂದೆ ಒಂದು ಲೆಕ್ಕ ಇದೆ. ಒಂದು ಭಾಗ ಸಾವಿರ ಸಲಕ್ಕೆ ಒಮ್ಮೆ ಕೈಕೊಡುತ್ತದೆ ಎಂದುಕೊಳ್ಳಿ. ಎರಡು ಇಟ್ಟರೆ, ಎರಡೂ ಒಟ್ಟಿಗೆ ಕೈಕೊಡುವುದು ಸಾವಿರ ಗುಣಿಸು ಸಾವಿರ, ಅಂದರೆ 10 ಲಕ್ಷಕ್ಕೆ ಒಮ್ಮೆ. ಮೂರು ಇಟ್ಟರೆ 100 ಕೋಟಿಗೆ ಒಮ್ಮೆ. ಕಾಗದದ ಮೇಲೆ ಇದಕ್ಕಿಂತ ಅಗ್ಗದ ಸುರಕ್ಷತೆ ಇನ್ನೊಂದಿಲ್ಲ. ಆದರೆ ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಕೆಡುವ ಹತ್ತು ಸಲದಲ್ಲಿ ಒಂದು ಸಲ ಕಾರಣ ಎಲ್ಲಕ್ಕೂ ಒಂದೇ ಆಗಿದ್ದರೆ? ಆಗ ಎಲ್ಲವೂ ಒಟ್ಟಿಗೆ ಹೋಗುವುದು ಹತ್ತು ಸಾವಿರಕ್ಕೊಮ್ಮೆ. ನೀವು ಮೂರನೆಯದನ್ನು ಇಡಿ, ಹತ್ತನೆಯದನ್ನು ಇಡಿ, ಆ ಹತ್ತು ಸಾವಿರ ಅಲ್ಲಿಂದ ಕದಲುವುದಿಲ್ಲ. ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಇಲ್ಲೇ ಇದೆ. ಎಂಜಿನಿಯರುಗಳು ಇದನ್ನು ಕಾಮನ್ ಕಾಸ್ ಫೇಲ್ಯೂರ್ ಎನ್ನುತ್ತಾರೆ.

ಈ ಲೆಕ್ಕ ಮನುಷ್ಯರನ್ನು ಹೇಗೆ ಏಮಾರಿಸುತ್ತದೆ ಎನ್ನುವುದಕ್ಕೆ 1983ರ ಮೇ 5ರ ಒಂದು ವಿಮಾನದ ಕತೆ ಹೇಳಬೇಕು. ಅಮೆರಿಕದ ಈಸ್ಟರ್ನ್ ಏರ್‌ಲೈನ್ಸಿನ ಮೂರು ಎಂಜಿನ್‌ಗಳ ಲಾಕ್‌ಹೀಡ್ ಟ್ರೈಸ್ಟಾರ್, 172 ಜನರನ್ನು ಹೊತ್ತು ಮಯಾಮಿಯಿಂದ ಬಹಾಮಾಸಿನ ನಸ್ಸಾವಿಗೆ ಹೊರಟಿತ್ತು. ನಸ್ಸಾವಿಗೆ ಇಳಿಯುತ್ತಿರುವಾಗ ನಡುವಿನ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಕಡಿಮೆ ಎಂದು ದೀಪ ಹತ್ತಿತು. ಪೈಲಟ್‌ಗಳು ಅದನ್ನು ಆರಿಸಿ ಮಯಾಮಿಗೆ ತಿರುಗಿದರು. ಸ್ವಲ್ಪ ಹೊತ್ತಿಗೆ ಉಳಿದೆರಡು ಎಂಜಿನ್‌ಗಳ ಆಯಿಲ್ ಮೀಟರೂ ಸೊನ್ನೆಗೆ ಬಂದವು. ಮೀಟರೇ ಕೆಟ್ಟಿರಬೇಕು ಎಂದುಕೊಂಡರು ಅವರು. ಮೂರೂ ಎಂಜಿನ್ನಿಗೆ ಒಂದೇ ಹೊತ್ತಿನಲ್ಲಿ ಎಣ್ಣೆ ಇಲ್ಲದಂತಾಗುವುದು ಆಗದ ಹೋಗದ ಮಾತು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆಮೇಲೆ ಬಲಗಡೆಯದು ನಿಂತಿತು. ಹಿಂದೆಯೇ ಎಡಗಡೆಯದೂ ನಿಂತಿತು. ಕೆಳಗೆ ಸಮುದ್ರ. ವಿಮಾನ ಸುಮಾರು 4,000 ಅಡಿಗೆ ಇಳಿದಾಗ, ಮೊದಲು ತಾವೇ ಆರಿಸಿದ್ದ ಆ ನಡುವಿನ ಎಂಜಿನ್ ಮತ್ತೆ ಹೊತ್ತಿಕೊಂಡು, ಎಲ್ಲರೂ ಕ್ಷೇಮವಾಗಿ ಮಯಾಮಿಗೆ ಇಳಿದರು.

ಆಗಿದ್ದೇನು? ಎಂಜಿನ್ ಆಯಿಲಿನಲ್ಲಿ ಲೋಹದ ಚೂರು ಇದೆಯೇ ಎಂದು ನೋಡಲು ಆಯಸ್ಕಾಂತದ ಒಂದು ಪುಟ್ಟ ಬಿರಡೆ ಇರುತ್ತದೆ. ಎಣ್ಣೆ ಸೋರದಂತೆ ಅದಕ್ಕೆ ಓ-ರಿಂಗ್ ಹಾಕಬೇಕು, ಮನೆಯ ಕುಕ್ಕರಿನ ಗ್ಯಾಸ್ಕೆಟ್ಟಿನ ಚಿಕ್ಕ ತಮ್ಮ ಎನ್ನಿ. ಹಿಂದಿನ ರಾತ್ರಿ ಮೂರೂ ಎಂಜಿನ್ನಿನ ಬಿರಡೆಗಳನ್ನು ಬದಲಿಸಿದ್ದರು. ಸಾಮಾನ್ಯವಾಗಿ ಮೆಕ್ಯಾನಿಕ್‌ಗಳ ಕೈಗೆ ರಿಂಗ್ ಹಾಕಿಯೇ ಇದ್ದ ಬಿರಡೆ ಬರುತ್ತಿತ್ತು, ಆ ರಾತ್ರಿ ಸ್ಟೋರಿನಿಂದ ತಂದವುಗಳಲ್ಲಿ ರಿಂಗ್ ಇರಲಿಲ್ಲ. ಎಂಜಿನ್ ಮೂರು, ಅಭ್ಯಾಸ ಒಂದೇ. ಈಗ ಎರಡು ಎಂಜಿನ್ನಿನ ವಿಮಾನಗಳು ಸಮುದ್ರದ ಮೇಲೆ ದೂರ ಹಾರಬೇಕಾದರೆ, ಒಂದೇ ಕೆಲಸವನ್ನು ಎರಡೂ ಎಂಜಿನ್ನಿಗೆ ಒಬ್ಬನೇ ಮೆಕ್ಯಾನಿಕ್ ಒಂದೇ ಸರ್ತಿಗೆ ಮಾಡದಂತೆ ನೋಡಿಕೊಳ್ಳುತ್ತಾರೆ.

ಕೈ ಒಂದೇ ಆದರೆ ಹೀಗೆ. ಜಾಗ ಒಂದೇ ಆದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ದೇಶವೇ ನೋಡಿದೆ. ಉತ್ತರ ಪ್ರದೇಶದ ನರೋರಾದಲ್ಲಿ, ನಮ್ಮ ಕೈಗಾದಲ್ಲಿರುವಂಥದ್ದೇ 220 ಮೆಗಾವಾಟಿನ ಭಾರಜಲ ಘಟಕಗಳಿವೆ. 1993ರ ಮಾರ್ಚ್ 31ರ ಬೆಳಗಿನ ಜಾವ ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗು ಮುರಿದವು. ಆ ಅದುರುವಿಕೆಗೆ ಜನರೇಟರಿನ ಸೀಲುಗಳು ಕಿತ್ತು, ಅದನ್ನು ತಂಪಾಗಿಡುವ ಹೈಡ್ರೋಜನ್ ಹೊರಬಂದು ಬೆಂಕಿ ಹತ್ತಿತು. ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ಆದರೆ ನಿಂತ ರಿಯಾಕ್ಟರ್ ಒಲೆ ಆರಿಸಿದ ಮೇಲೂ ಕುದಿಯುವ ಪಾತ್ರೆಯ ಹಾಗೆ, ತಂಪು ಮಾಡುತ್ತಲೇ ಇರಬೇಕು. ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಡೀಸೆಲ್ ಜನರೇಟರುಗಳಿದ್ದವು. ಅವುಗಳ ಕರೆಂಟನ್ನು ಪಂಪಿಗೆ ಒಯ್ಯಬೇಕಾದ ಕೇಬಲ್ಲುಗಳು ಮಾತ್ರ, ಮುಖ್ಯದ್ದೂ ಬದಲಿಯದ್ದೂ ಸಾಕಷ್ಟು ಅಂತರವಿಲ್ಲದೆ ಅಕ್ಕಪಕ್ಕದಲ್ಲೇ ಹಾದಿದ್ದವು. ಬೆಂಕಿಗೆ ಎರಡೂ ಒಂದೇ.

ಸ್ಥಾವರ 17 ಗಂಟೆ ಕತ್ತಲಲ್ಲಿತ್ತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಬರಬೇಕಾಯಿತು. ಕೆಲವರು ಟಾರ್ಚ್ ಹಿಡಿದು ಕಟ್ಟಡದ ಮೇಲೆ ಹತ್ತಿ, ರಿಯಾಕ್ಟರ್ ಮತ್ತೆ ಚುರುಕಾಗದಿರಲೆಂದು ಬೋರಾನ್ ದ್ರಾವಣವನ್ನು ಕೈಯಿಂದಲೇ ಬಿಟ್ಟರು. ಕೊನೆಗೆ ರಿಯಾಕ್ಟರನ್ನು ತಂಪಾಗಿಟ್ಟಿದ್ದು ಬೆಂಕಿ ಆರಿಸಲು ಇಟ್ಟಿದ್ದ, ಡೀಸೆಲಿನಲ್ಲಿ ನೇರವಾಗಿ ಓಡುವ ನೀರಿನ ಪಂಪುಗಳು. ವಿಕಿರಣ ಹೊರಗೆ ಸೋರಲಿಲ್ಲ. ಆ ಪಂಪಿಗೆ ಸುಟ್ಟುಹೋದ ಕೇಬಲ್ಲುಗಳ ಹಂಗು ಇರಲಿಲ್ಲ ಎನ್ನುವುದನ್ನು ಗಮನಿಸಿ.

ಮೂರನೆಯ ಬಗೆ ಇನ್ನೂ ಸೂಕ್ಷ್ಮ, ಕೈಯೂ ಬೇರೆ ಜಾಗವೂ ಬೇರೆ, ಆದರೆ ಯೋಚನೆ ಒಂದೇ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಫ್ರೆಂಚ್ ಗಯಾನಾದ ಕೂರೂವಿನಿಂದ ಮೊದಲ ಸಲ ಹಾರಿತು. ಸುಮಾರು 37 ಸೆಕೆಂಡಿಗೆ ದಿಕ್ಕು ತಪ್ಪಿ, ನಾಲ್ಕು ಉಪಗ್ರಹಗಳ ಸಮೇತ ಚೂರಾಯಿತು. ರಾಕೆಟ್ ಯಾವ ಕಡೆ ವಾಲಿದೆ ಎಂದು ಹೇಳುವ ಪೆಟ್ಟಿಗೆಗಳು ಅದರಲ್ಲಿ ಎರಡಿದ್ದವು. ಎರಡರಲ್ಲೂ ಒಂದೇ ಸಾಫ್ಟ್‌ವೇರ್, ಹಳೆಯ ಏರಿಯಾನ್-4ರಲ್ಲಿ ಚೆನ್ನಾಗಿ ಓಡಿದ್ದು. ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಅದು 16 ಬಿಟ್ಟಿನ ಜಾಗಕ್ಕೆ ತುಂಬುತ್ತಿತ್ತು. ಅಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಸಂಖ್ಯೆ ಹಿಡಿಸಲಿಲ್ಲ.

ಆಗ ಪೆಟ್ಟಿಗೆ ಮಾಡಿದ್ದನ್ನು ನೋಡಿ. ನನ್ನಲ್ಲಿ ಏನೋ ಕೆಟ್ಟಿದೆ, ನಾನು ಸುಮ್ಮನಾಗುತ್ತೇನೆ, ಇನ್ನೊಂದು ನೋಡಿಕೊಳ್ಳಲಿ ಎಂದು ನಿಂತಿತು. ಅದಕ್ಕೆ ಹೇಳಿಕೊಟ್ಟಿದ್ದೂ ಅದನ್ನೇ. ಇನ್ನೊಂದು? ಸ್ಟ್ಯಾಂಡ್‌ಬೈ ಪೆಟ್ಟಿಗೆ ಒಂದು ಸುತ್ತು, ಅಂದರೆ 72 ಮಿಲಿಸೆಕೆಂಡಿನ ಲೆಕ್ಕದಲ್ಲಿ, ಮೊದಲೇ ಅದೇ ಸಂಖ್ಯೆಗೆ ಎಡವಿ ಸುಮ್ಮನಾಗಿತ್ತು. ಇನ್ನೂ ಹೊಟ್ಟೆ ಉರಿಸುವ ಸಂಗತಿ ಎಂದರೆ ಆ ಲೆಕ್ಕ ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಉಪಯೋಗಕ್ಕೂ ಬರುವಂಥದ್ದಾಗಿರಲಿಲ್ಲ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಆ ಪೆಟ್ಟಿಗೆ ಕಳಪೆಯಲ್ಲ, ಬಿರಡೆಯೂ ಕಳಪೆಯಲ್ಲ. ಬಿಡಿಭಾಗದ ಗುಣಮಟ್ಟ ನೋಡುವವನ ಮೇಜಿಗೆ ತಂದಿಟ್ಟರೆ ಎರಡೂ ಪಾಸು. ತಪ್ಪು ಇದ್ದದ್ದು ಒಂದಕ್ಕೂ ಇನ್ನೊಂದಕ್ಕೂ ನಡುವೆ, ಅಲ್ಲಿ ಯಾರೂ ಸೀಲು ಒತ್ತುವುದಿಲ್ಲ. ಭಾಗಗಳೆಲ್ಲ ನಂಬಿಕೆಗೆ ಅರ್ಹ ಎಂದಮಾತ್ರಕ್ಕೆ ಯಂತ್ರ ಸುರಕ್ಷಿತ ಎಂದು ನಂಬುವವರ ಬಗ್ಗೆ ನನಗೆ ಸ್ವಲ್ಪ ಭಯವೇ.

ಹಾಗಾದರೆ ಮಾಡುವುದೇನು? ದೂರ ಇಡುವುದು, ಬೇರೆ ಥರದ್ದು ಇಡುವುದು. ಏರ್‌ಬಸ್ ಎ320 ವಿಮಾನದ ರೆಕ್ಕೆ-ಬಾಲ ನಡೆಸುವ ಕಂಪ್ಯೂಟರುಗಳಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ಮೋಟೊರೋಲಾ ಚಿಪ್, ಇನ್ನೊಂದರಲ್ಲಿ ಇಂಟೆಲ್ ಚಿಪ್, ಸಾಫ್ಟ್‌ವೇರ್ ಬರೆದ ತಂಡಗಳೂ ಬೇರೆ. ಅನೇಕ ವಿಮಾನ ಕಂಪನಿಗಳಲ್ಲಿ ಇಬ್ಬರು ಪೈಲಟ್‌ಗಳಿಗೆ ಒಂದೇ ಊಟ ಕೊಡುವುದಿಲ್ಲ, ಹೊಟ್ಟೆ ಕೆಟ್ಟರೆ ಒಬ್ಬರದೇ ಕೆಡಲಿ ಎಂದು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ದಾಯ್‌ಇಚಿ ಅಣು ವಿದ್ಯುತ್ ಸ್ಥಾವರಕ್ಕೆ ಸುನಾಮಿ ನುಗ್ಗಿ ಡೀಸೆಲ್ ಜನರೇಟರುಗಳೆಲ್ಲ ನಿಂತಾಗ ಉಳಿದದ್ದು ಆರನೆಯ ಘಟಕದ ಒಂದೇ ಒಂದು. ಅದನ್ನು ತಂಪು ಮಾಡಲು ಸಮುದ್ರದ ನೀರು ಬೇಕಿರಲಿಲ್ಲ, ಗಾಳಿ ಸಾಕಿತ್ತು, ಎತ್ತರದ ಜಾಗದಲ್ಲೂ ಇತ್ತು. ಐದು ಮತ್ತು ಆರನೆಯ ಘಟಕಗಳನ್ನು ಅದೊಂದೇ ಉಳಿಸಿತು.

ಇದು ಪುಕ್ಕಟೆ ಬರುವುದಿಲ್ಲ. ಎರಡು ಥರದ ಯಂತ್ರಕ್ಕೆ ಎರಡು ಥರದ ಸ್ಪೇರ್, ಎರಡು ಥರದ ತರಬೇತಿ, ಖರೀದಿ ವಿಭಾಗದವರ ಗೊಣಗಾಟ. ಒಂದೇ ಕಂಪನಿಯಿಂದ ಒಂದೇ ಮಾದರಿ ಕೊಂಡರೆ ರಿಯಾಯಿತಿ ಸಿಗುತ್ತದೆ ಎನ್ನುವ ಮಾತನ್ನು ನಾನು ಎಷ್ಟು ಮೀಟಿಂಗುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲೂ ಮೂರನೆಯ ಪಂಪಿಗೆ ಕೊಟೇಶನ್ ಬಂದಿತ್ತು. ಎಲೆಕ್ಟ್ರಿಷಿಯನ್ ಅದನ್ನು ತಿರುಗಿಸಿ ನೋಡಿ, ‘ಯಾಕೆ ಸಾರ್, ಮೂರನೇದನ್ನೂ ಸುಡಬೇಕಾ?’ ಎಂದ. ಪಂಪಿನ ಬದಲು ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದೆವು. ಒಂದು ಫೇಸ್ ಹೋದರೆ ಈಗ ಮೋಟಾರ್ ತಾನೇ ನಿಲ್ಲುತ್ತದೆ. ಈ ಬೇಸಿಗೆಯಲ್ಲಿ ಎರಡು ಪಂಪೂ ಚೆನ್ನಾಗಿದ್ದವು, ಮೂರೂ ಫೇಸಿನಲ್ಲಿ ಕರೆಂಟಿತ್ತು. ಸಂಪಿನಲ್ಲಿ ನೀರಿರಲಿಲ್ಲ.