ಒಂದು ಲೋಟ ನೀರು, ಒಂದು ಕಿಟಕಿ

ಗಾಜಿನ ಲೋಟದ ಫೋಟೊ ತೆಗೆಯಲು ಹೊರಟ ಮೊದಲ ದಿನ ನಾನು ಫ್ಲ್ಯಾಶ್ ಹಾಕಿದೆ. ನಡುವೆ ಒಂದು ಬಿಳಿ ಚುಕ್ಕೆ ಬಂತು. ಹಿಂದಿನ ಗೋಡೆ, ಗೋಡೆಯ ಮೇಲಿನ ಕಲೆ, ಸ್ವಿಚ್ಚು ಎಲ್ಲ ಚೆನ್ನಾಗಿ ಬಂದಿದ್ದವು. ಲೋಟ ಒಂದೇ ಸರಿಯಾಗಿ ಬಂದಿರಲಿಲ್ಲ.

ಫೋನನ್ನು ಬೈದುಕೊಂಡೆ. ಆದರೆ ಅದರ ತಪ್ಪೇನೂ ಇರಲಿಲ್ಲ. ಗಾಜಿನ ಮೇಲೆ ಬೆಳಕು ನೇರವಾಗಿ ಬಿದ್ದಾಗ ಒಂದೊಂದು ಮೈಯಿಂದ ವಾಪಸ್ ಬರುವುದು ನೂರಕ್ಕೆ ಸುಮಾರು 4 ಪಾಲು ಮಾತ್ರ. ಮಿಕ್ಕಿದ್ದೆಲ್ಲ ತೂರಿಕೊಂಡು ಹೋಗಿ ಹಿಂದಿನ ಗೋಡೆಯನ್ನು ಬೆಳಗುತ್ತದೆ. ಅಂದಮೇಲೆ ಗಾಜಿಗೆ ಎದುರಿನಿಂದ ಎಷ್ಟು ಬೆಳಕು ಸುರಿದರೂ ಅಷ್ಟೇ. ಅದರ ಹಿಂದೆ ಏನಿದೆ ಅನ್ನುವುದನ್ನು ಮೊದಲು ನೋಡಿಕೊಳ್ಳಬೇಕು.

ಹೀಗೆ ಮಾಡಿ ನೋಡಿ. ಹಗಲು ಹೊತ್ತು ಕಿಟಕಿಯ ಮುಂದೆ ಮೇಜು ಎಳೆದುಕೊಳ್ಳಿ. ಲೋಟ ಇಡಿ. ಲೋಟಕ್ಕೂ ಕಿಟಕಿಗೂ ನಡುವೆ ಒಂದು ಕಪ್ಪು ಕಾಗದ ನಿಲ್ಲಿಸಿ. ಕಾಗದ ಲೋಟಕ್ಕಿಂತ ದೊಡ್ಡದಿರಬೇಕು, ಕಿಟಕಿಗಿಂತ ಚಿಕ್ಕದಿರಬೇಕು. ಈಗ ಕ್ಯಾಮೆರಾದಲ್ಲಿ ನೋಡಿದರೆ ಬರೀ ಕತ್ತಲು, ಆ ಕತ್ತಲಲ್ಲಿ ಲೋಟದ ಅಂಚು ಮಾತ್ರ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಯಾರೋ ಸೀಮೆಸುಣ್ಣದಲ್ಲಿ ಬರೆದ ಹಾಗೆ. ಲೋಟದ ನಡುಭಾಗದಿಂದ ನಮಗೆ ಬರುವ ಬೆಳಕು ಹೆಚ್ಚುಕಮ್ಮಿ ನೇರವಾಗಿ ಬರುತ್ತದೆ, ಹಾಗಾಗಿ ಅಲ್ಲಿ ಕಪ್ಪು ಕಾಗದವೇ ಕಾಣುತ್ತದೆ. ಅಂಚಿನಲ್ಲಿ ಗಾಜು ದುಂಡಗೆ ತಿರುಗುವುದರಿಂದ ಬೆಳಕು ಜಾಸ್ತಿ ಬಾಗುತ್ತದೆ. ಕಾಗದದ ಆಚೀಚೆ ಇಣುಕುವ ಕಿಟಕಿಯ ಬೆಳಕು ಅಲ್ಲಿಂದ ಕಣ್ಣಿಗೆ ಬಂದು ಸೇರುತ್ತದೆ. ಕಾಗದ ಅದಲುಬದಲು ಮಾಡಿ: ಹಿಂದೆ ಬಿಳಿ, ಸುತ್ತಲೂ ಕತ್ತಲು. ಈಗ ಅದೇ ಅಂಚು ಕಪ್ಪು ಗೆರೆ. ಗಾಜಿನ ಬಾಟಲಿಗಳ ಜಾಹೀರಾತು ಫೋಟೊಗಳನ್ನು ತೆಗೆಯುವವರು ದೊಡ್ಡ ಸ್ಟುಡಿಯೊದಲ್ಲಿ ಮಾಡುವುದೂ ಮುಖ್ಯವಾಗಿ ಇದನ್ನೇ.

ಈಗ ಲೋಟಕ್ಕೆ ನೀರು ತುಂಬಿ. ಬಿಳಿ ಹಾಳೆಯ ಮೇಲೆ ಓರೆಯಾಗಿ ದಪ್ಪ ಗೆರೆಗಳನ್ನು ಎಳೆದು ಹಿಂದೆ ಹಿಡಿಯಿರಿ. ಹಾಳೆ ಲೋಟಕ್ಕೆ ಅಂಟಿಕೊಂಡಿದ್ದಾಗ ಗೆರೆಗಳು ಸ್ವಲ್ಪ ಹಿಗ್ಗಿ ಕಾಣುತ್ತವೆ, ಅಷ್ಟೇ. ನಿಧಾನವಾಗಿ ಹಿಂದಕ್ಕೆ ಸರಿಸಿ. ಒಂದು ಹಂತದಲ್ಲಿ ಗೆರೆಗಳೆಲ್ಲ ಕಲಸಿಹೋಗುತ್ತವೆ. ಅದನ್ನು ದಾಟಿದ ಮೇಲೆ ನೀರಿನೊಳಗಿನ ಗೆರೆಗಳು ಇನ್ನೊಂದು ಕಡೆಗೆ ಓರೆಯಾಗಿಬಿಡುತ್ತವೆ! ಹೊರಗೆ ಬಲಕ್ಕೆ ವಾಲಿದ ಗೆರೆ, ಒಳಗೆ ಎಡಕ್ಕೆ. ನೀರಿನ ಲೋಟ ಇಲ್ಲಿ ಒಂದು ಮಸೂರ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.33. ಲೆಕ್ಕ ಹಾಕಿದರೆ ಆ ಮಸೂರದ ನಾಭಿ, ಅಂದರೆ ದೂರದಿಂದ ಬಂದ ಬೆಳಕು ಬಾಗಿ ಕೂಡುವ ಜಾಗ, ಲೋಟದ ಮೈಯಿಂದ ಸುಮಾರು ಅರ್ಧ ಲೋಟದಗಲ ದೂರದಲ್ಲಿ ಬರುತ್ತದೆ. ಲೋಟ 7 ಸೆಂಟಿಮೀಟರ್ ಅಗಲ ಇದ್ದರೆ ಹತ್ತಿರ ಹತ್ತಿರ 3.5 ಸೆಂಟಿಮೀಟರ್. ಹಾಳೆ ಅದಕ್ಕಿಂತ ಆಚೆ ಹೋದರೆ ಎಡ ಬಲವಾಗುತ್ತದೆ. ಮೇಲೆ ಕೆಳಗಾಗುವುದಿಲ್ಲ, ಏಕೆಂದರೆ ಲೋಟ ಅಡ್ಡಡ್ಡ ಮಾತ್ರ ದುಂಡಗಿದೆ, ಉದ್ದಕ್ಕೆ ನೆಟ್ಟಗಿದೆ. ಅರ್ಧ ಲೋಟ ನೀರು ಹಾಕಿ ಫೋಟೊ ತೆಗೆಯಿರಿ. ಒಂದೇ ಚಿತ್ರದಲ್ಲಿ ಎರಡೂ ಬರುತ್ತದೆ. ಓರೆಯಿಲ್ಲದೆ ಮೇಲಿಂದ ಕೆಳಕ್ಕೆ ನೀಟಾದ ಗೆರೆ ಎಳೆದು ಇದನ್ನು ನೋಡಲು ಹೋಗಿ ನಾನು ಅರ್ಧ ಗಂಟೆ ಹಾಳು ಮಾಡಿದ್ದೇನೆ. ಅಂಥ ಗೆರೆ ಎಡಬಲ ತಿರುಗಿದರೂ ಗೊತ್ತಾಗುವುದಿಲ್ಲ, ಅಲ್ವಾ?

ಸುಮ್ಮನೆ ಕೂತ ವಸ್ತುಗಳ ಫೋಟೊ ತೆಗೆಯುವುದು ಫೋಟೊಗ್ರಫಿಯಷ್ಟೇ ಹಳೆಯದು. ಫ್ರಾನ್ಸಿನ ಲೂಯಿ ಡಾಗೇರ್ 1837ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಪ್ಲಾಸ್ಟರ್ ಬೊಂಬೆಗಳಿವೆ. ಆಗ ಫಿಲ್ಮಿನ ಜಾಗದಲ್ಲಿದ್ದ ಲೋಹದ ತಟ್ಟೆಗಳ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಬೊಂಬೆ ಕದಲುವುದಿಲ್ಲ, ಸಾಲದ್ದಕ್ಕೆ ಬಿಳಿ ಪ್ಲಾಸ್ಟರ್ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕೊಡುತ್ತದೆ. 1930ರಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ಫೋಟೊ ತೆಗೆದರು. ಆಲಿಕೆಯ ಒಳಮೈ ಸುತ್ತಲಿಂದಲೂ ಬೆಳಕನ್ನು ಕಾಯಿಯ ಮೇಲೆ ತಿರುಗಿಸಿತು. ಫೋಟೊಗ್ರಫಿ ಚರಿತ್ರೆಯ ಹೆಸರಾಂತ ಚಿತ್ರಗಳಲ್ಲಿ ಒಂದಕ್ಕೆ ಬೇಕಾಗಿದ್ದ ಸಲಕರಣೆ ಒಂದು ಆಲಿಕೆ! ನಮಗೆ ಬಿಳಿ ಹಾಳೆ ಸಾಕು. ಕಿಟಕಿಯ ಎದುರು ಬದಿಗೆ ಅದನ್ನು ನಿಲ್ಲಿಸಿದರೆ ನೆರಳಿನ ಕಡೆಯೂ ತಿಳಿಯಾಗುತ್ತದೆ.

ಬಿಳಿ ವಸ್ತುವನ್ನು ಬಿಳಿ ಹಾಳೆಯ ಮೇಲಿಟ್ಟರೆ ಚಿತ್ರ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಬಹುದು. ಕ್ಯಾಮೆರಾಗೆ ಬಿಳಿ ಯಾವುದು ಗೊತ್ತಿಲ್ಲ. ಎದುರಿಗಿರುವುದು ಒಟ್ಟಾರೆ ನಡುಮಟ್ಟದ ಬೂದಿ ಎಂದುಕೊಂಡು ಬೆಳಕನ್ನು ಹೊಂದಿಸುತ್ತದೆ. ಪರದೆ ಮುಟ್ಟಿ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ, ಸರಿಹೋಗುತ್ತದೆ. ಕಪ್ಪು ಬಟ್ಟೆಗೆ ಇದರ ಉಲ್ಟಾ.

ಸಂಜೆ ಬೆಳಕಿದ್ದಾಗ ಹಳದಿ ಬಲ್ಬು ಹಾಕಿದರೆ ಇನ್ನೊಂದು ಮೋಜು. ಒಂದೇ ಪೆನ್ಸಿಲ್ಲಿಗೆ ಎರಡು ನೆರಳು, ಒಂದು ನೀಲಿ, ಇನ್ನೊಂದು ಕಿತ್ತಳೆ. ಬಲ್ಬಿಗೆ ಅಡ್ಡವಾದ ನೆರಳಿನೊಳಗೆ ಬೀಳುವುದು ಕಿಟಕಿಯ ನೀಲಿ ಬೆಳಕು ಮಾತ್ರ, ಕಿಟಕಿಗೆ ಅಡ್ಡವಾದ ನೆರಳಿನೊಳಗೆ ಬಲ್ಬಿನದು ಮಾತ್ರ. ದಿನಾ ಇರುತ್ತದೆ, ನಮ್ಮ ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ಲಾಸ್ಟಿಕ್ ಚಮಚ. ತೆಳ್ಳಗಿನ, ಪಾರದರ್ಶಕ, ಬಳಸಿ ಬಿಸಾಡುವ ಚಮಚ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪುಟ ತೆರೆದು, ಅದರ ಮುಂದೆ ಚಮಚ ಹಿಡಿಯಿರಿ. ಫೋನಿನ ಕ್ಯಾಮೆರಾ ಮುಂದೆ ಪೋಲರೈಸ್ಡ್ (ಒಂದೇ ದಿಕ್ಕಿಗೆ ತುಯ್ಯುವ ಬೆಳಕನ್ನಷ್ಟೇ ಒಳಗೆ ಬಿಡುವ) ತಂಪು ಕನ್ನಡಕದ ಗಾಜು ಇಟ್ಟು ಮೆಲ್ಲಗೆ ತಿರುಗಿಸಿ. ಪರದೆ ಕಪ್ಪಾಗುವ ಕೋನ ಒಂದು ಬರುತ್ತದೆ. ಪರದೆಯಿಂದ ಬರುವ ಬೆಳಕಿನ ಅಲೆಗಳು ಒಂದೇ ದಿಕ್ಕಿಗೆ ತುಯ್ಯುತ್ತವೆ, ಅಡ್ಡ ತಿರುಗಿದ ಕನ್ನಡಕ ಅದನ್ನು ತಡೆಯುತ್ತದೆ. ಆದರೆ ಆ ಕಪ್ಪಿನಲ್ಲಿ ಚಮಚ ಮಾತ್ರ ಹಸಿರು, ಗುಲಾಬಿ, ನೀಲಿ ಪಟ್ಟೆಗಳಲ್ಲಿ ಉರಿಯುತ್ತಿರುತ್ತದೆ.

ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವಾಗ, ಆಮೇಲೆ ಅದು ತಣ್ಣಗಾಗುವಾಗ, ಒಳಗೆ ಬಿಗಿತ ಉಳಿದುಬಿಡುತ್ತದೆ. ಬಿಗಿತ ಇರುವಲ್ಲಿ ಬೆಳಕು ಎರಡು ಪಾಲಾಗಿ, ಎರಡೂ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಹೊರಬಂದು ಕನ್ನಡಕದಲ್ಲಿ ಮತ್ತೆ ಸೇರುವಾಗ ಕೆಲವು ಬಣ್ಣಗಳು ಒಂದಕ್ಕೊಂದು ಹೊಡೆದುಹೋಗುತ್ತವೆ, ಉಳಿದವು ಕಣ್ಣಿಗೆ ಬೀಳುತ್ತವೆ. ಒತ್ತಡ ಬಿದ್ದ ಗಾಜಿನಲ್ಲಿ ಇಂಥದ್ದನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರ ಸುಮಾರಿಗೇ ಕಂಡಿದ್ದರು. ಕಂಪ್ಯೂಟರ್ ಬರುವ ಮೊದಲು ಎಂಜಿನಿಯರುಗಳು ಕಟ್ಟಡ, ಯಂತ್ರಗಳ ಭಾಗಗಳಿಗೆ ಪ್ಲಾಸ್ಟಿಕ್ ಮಾದರಿ ಮಾಡಿ, ಭಾರ ಹೇರಿ, ಬಣ್ಣದ ಪಟ್ಟೆಗಳನ್ನು ಎಣಿಸಿ ಎಲ್ಲಿ ಒತ್ತಡ ಜಾಸ್ತಿ ಎಂದು ನೋಡುತ್ತಿದ್ದರು.

ಚಮಚದ ಹಿಡಿಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ಬಗ್ಗಿದ ಜಾಗಕ್ಕೆ ಪಟ್ಟೆಗಳು ಓಡಿಬಂದು ಒತ್ತೊತ್ತಾಗಿ ನಿಲ್ಲುತ್ತವೆ. ಬಿಟ್ಟರೆ ಮತ್ತೆ ಚದುರುತ್ತವೆ. ಬಗ್ಗಿಸಿ ಹಿಡಿದೇ ಕ್ಲಿಕ್ ಮಾಡಬೇಕು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಕನ್ನಡಕ, ಹಾಗಾಗಿ ಫೋನನ್ನು ಪುಸ್ತಕಗಳಿಗೆ ಒರಗಿಸಿ ಟೈಮರ್ ಇಟ್ಟುಕೊಳ್ಳಿ.