ತಿಳಿ ನೀರನ್ನು ನಂಬಬೇಡಿ, ಕ್ಲೋರೈಡ್ ಕೇಳಿ

ಕಸದ ಗುಡ್ಡದ ಪಕ್ಕದ ಊರುಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ. "ಬಾವಿ ನೀರು ತಿಳಿಯಾಗಿದೆ, ವಾಸನೆ ಇಲ್ಲ. ಭೂಮಿತಾಯಿ ಎಲ್ಲವನ್ನೂ ಸೋಸಿಯೇ ಕೊಡ್ತಾಳೆ, ಅಲ್ವಾ?" ಈ ನಂಬಿಕೆ ಕಂಡರೆ ನನಗೆ ಭಯವಾಗುತ್ತದೆ.

ಮಂಗಳೂರಿನ ಪಚ್ಚನಾಡಿಯನ್ನು ನೆನೆಯಿರಿ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ರಾಶಿ ಜರಿದು ಕೆಳಗಿನ ಮಂದಾರ ಎಂಬ ಊರಿನ ಮನೆ, ಅಡಿಕೆ ತೋಟಗಳ ಮೇಲೆ ಬಿತ್ತು. ಜರಿದ ಕಸ ಎಲ್ಲರ ಕಣ್ಣಿಗೂ ಬಿತ್ತು. ಅದರಿಂದ ಇಳಿಯುವ ಕಪ್ಪು ದ್ರವ, ಲೀಚೇಟ್, ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದ ಹಾಗೆ ಮಳೆನೀರು ಕಸದ ಪದರಗಳಲ್ಲಿ ಇಳಿಯುತ್ತಾ, ಕರಗುವುದನ್ನೆಲ್ಲ ಕರಗಿಸಿಕೊಂಡು ತಳ ಸೇರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಅಂದರೆ ಒಂದೊಂದು ಹೆಕ್ಟೇರಿನ ಮೇಲೂ 3.5 ಕೋಟಿ ಲೀಟರ್ ನೀರು. ಕಸವನ್ನು ಮುಚ್ಚದೆ ಬಿಟ್ಟರೆ ಅದರಲ್ಲಿ ದೊಡ್ಡ ಪಾಲು ಒಳಗೇ ಇಳಿಯುತ್ತದೆ.

ಮಣ್ಣು ಸೋಸುವುದಿಲ್ಲವೇ? ಸೋಸುತ್ತದೆ, ಆದರೆ ಆರಿಸಿ ಸೋಸುತ್ತದೆ. ಜೇಡಿಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಸೀಸದಂಥ ಲೋಹಗಳ ಅಯಾನುಗಳು, ಅಂದರೆ ವಿದ್ಯುದಂಶವುಳ್ಳ ಕಣಗಳು, ಧನ, ಹಾಗಾಗಿ ಅಂಟಿಕೊಳ್ಳುತ್ತವೆ. ಅಮೋನಿಯಂ ಕೂಡ ಸ್ವಲ್ಪ ಕಾಲ ಅಂಟಿಕೊಂಡು ನಿಧಾನವಾಗುತ್ತದೆ. ಅಡುಗೆ ಉಪ್ಪಿನಲ್ಲೂ ಇರುವ, ಲೀಚೇಟಿನಲ್ಲಿ ಕರಗಿ ಬರುವ ಕ್ಲೋರೈಡ್ ಹಾಗಲ್ಲ. ಅದೂ ಋಣವೇ ಆದ್ದರಿಂದ ಜೇಡಿ ಅದನ್ನು ಹಿಡಿಯುವುದಿಲ್ಲ, ದೂರ ತಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೂ ಅದನ್ನು ಒಡೆಯಲು ಆಗದು. ನೀರು ಹೋದ ಕಡೆಗೆಲ್ಲ ನೀರಿನ ವೇಗದಲ್ಲೇ ಹೋಗುತ್ತದೆ. ಬಣ್ಣ, ವಾಸನೆ ಬರುವ ಮುಂಚೆಯೇ ಬಾವಿ ತಲುಪುತ್ತದೆ. ಅದಕ್ಕೇ ಅದರ ಮೇಲೆ ನನಗಿಷ್ಟು ಪ್ರೀತಿ.

ಆದರೆ ಒಂದೇ ಬಾವಿಯ ಒಂದೇ ಅಂಕಿಯಿಂದ ಏನೂ ತಿಳಿಯದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ. ಬಾವಿಯಲ್ಲಿ 120 ಬಂದರೆ "ಪಾಸ್" ಅಂದುಬಿಡುತ್ತಾರೆ. ಅಂತರ್ಜಲ ಹರಿದು ಬರುವ ಮೇಲಿನ ದಿಕ್ಕಿನ ಬಾವಿಯಲ್ಲಿ ಅದು ಬರೀ 20 ಇದ್ದರೆ? ಆಗ ಆ 120 ಎಚ್ಚರಿಕೆಯ ಗಂಟೆ. ಅದಕ್ಕೇ ಮೇಲಿನ ದಿಕ್ಕಿನಲ್ಲಿ ಕನಿಷ್ಠ ಒಂದು, ಕೆಳಗಿನ ದಿಕ್ಕಿನಲ್ಲಿ ಹಲವು ಬಾವಿ ಬೇಕು. ಚರಂಡಿ ನೀರಿನಲ್ಲೂ ಕ್ಲೋರೈಡ್ ಇರುವುದರಿಂದ ಅಮೋನಿಯಾ ಮತ್ತು ಸಿಓಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ಇವನ್ನೂ ಜೊತೆಗೆ ನೋಡಬೇಕು. ನಮ್ಮ ಕಲ್ಲುನೆಲದಲ್ಲಿ ಇನ್ನೊಂದು ತೊಡಕಿದೆ: ನೀರು ಬಂಡೆಯ ಬಿರುಕು ಹಿಡಿದು ಓಡುತ್ತದೆ. ಬಿರುಕಿಗೆ ತಾಗದ ಬೋರ್‌ವೆಲ್ ಗುಡ್ಡದ ಬುಡದಲ್ಲೇ ಇದ್ದರೂ ಸುಮ್ನೆ ಶುದ್ಧವಾಗಿ ಕಾಣುತ್ತದೆ.

ಇಲ್ಲಿ ಆಂರಿ ಡಾರ್ಸಿಯನ್ನು ನೆನೆಯಲೇಬೇಕು. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಎಂಜಿನಿಯರ್ ಆತ. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅಳೆದು, 1856ರಲ್ಲಿ ಒಂದು ಸರಳ ನಿಯಮ ಪ್ರಕಟಿಸಿದ: ನೀರಿನ ಮಟ್ಟದ ವ್ಯತ್ಯಾಸ ಎಷ್ಟು ಜಾಸ್ತಿಯೋ ಸೋರಿಕೆ ಅಷ್ಟು ಜಾಸ್ತಿ. ಪಟ್ಟಣದ ನಲ್ಲಿಗಾಗಿ ಹುಟ್ಟಿದ ಈ ಲೆಕ್ಕ ಇಂದು ಕಸದ ಗುಂಡಿಯ ತಳವನ್ನು ಕಾಯುತ್ತಿದೆ.

2016ರ ಘನತ್ಯಾಜ್ಯ ನಿಯಮಗಳು ತಳಕ್ಕೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರಡಿ 90 ಸೆಂ.ಮೀ. ಜೇಡಿಮಣ್ಣು ಕೇಳಿದವು. ಹಾಳೆ ಇಲ್ಲವೆಂದೇ ಇಟ್ಟುಕೊಳ್ಳಿ. ಆ ಜೇಡಿಯ ಮೂಲಕ ವರ್ಷಕ್ಕೆ ಸುಮಾರು 3 ಸೆಂ.ಮೀ.ನಷ್ಟು ದ್ರವ ಮಾತ್ರ ದಾಟುತ್ತದೆ. ಅದೂ ಮೇಲೆ ಲೀಚೇಟ್ ನಿಲ್ಲದಿದ್ದರೆ. 3 ಮೀಟರ್ ನಿಂತರೆ ಸೋರಿಕೆ ನಾಲ್ಕು ಪಟ್ಟಿಗೂ ಮೀರುತ್ತದೆ. ಹಾಳೆಯಲ್ಲಿ ಸಣ್ಣ ತೂತು ಬಿದ್ದಾಗಲೂ ಅಷ್ಟೇ, ಮೇಲಿನ ಒತ್ತಡ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಆದ್ದರಿಂದ ಹಾಳೆ ಹಾಸಿ ಸುಮ್ಮನಾದರೆ ಕೆಲಸ ಮುಗಿಯಲಿಲ್ಲ. ತಳದ ಜಲ್ಲಿ, ತೂತಿನ ಪೈಪು, ಸಂಪು, ಪಂಪು ಎಲ್ಲವೂ ಸೇರಿ ಲೀಚೇಟನ್ನು ಮೊಣಕಾಲ ಮಟ್ಟಕ್ಕಿಂತ ಕೆಳಗೇ ಇಡಬೇಕು. ಮೇಲೆತ್ತಿದ್ದನ್ನು ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ.

ಗುಂಡಿಯ ಅಂಚಿನಿಂದ 50 ಮೀಟರ್ ಒಳಗೆ ಬೇಸಿಗೆ, ಮಳೆಗಾಲ, ಮಳೆ ನಂತರ, ಮೂರೂ ಕಾಲದಲ್ಲಿ ಅಂತರ್ಜಲ ಪರೀಕ್ಷೆ ಮಾಡಬೇಕೆಂದೂ ಆ ನಿಯಮಗಳಲ್ಲಿತ್ತು. ಗುಂಡಿ ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನಿಗಾ ಇಡಬೇಕೆಂದೂ ಇತ್ತು. ನನ್ನ ಪ್ರಕಾರ ಅದು ಸಾಲದು. ಗಾಳಿಯಿಲ್ಲದ ಕಸದೊಳಗೆ ಅಮೋನಿಯಾ ಸುಲಭವಾಗಿ ಒಡೆಯುವುದಿಲ್ಲ, ದಶಕಗಟ್ಟಲೆ ಲೀಚೇಟಿನ ಜೊತೆ ಕೆಳಕ್ಕೆ ಹರಿಯುತ್ತಲೇ ಇರುತ್ತದೆ. ಮೇಲೆ ಹುಲ್ಲು ಬೆಳೆಸಿ ಪಾರ್ಕ್ ಮಾಡಿದರೂ ಪಂಪು ಓಡುತ್ತಿರಬೇಕು, ಬಾವಿಗಳ ನೀರು ಲ್ಯಾಬಿಗೆ ಹೋಗುತ್ತಿರಬೇಕು, ವರದಿ ಪಂಚಾಯಿತಿಯ ಗೋಡೆ ಮೇಲೆ ಕಾಣುತ್ತಿರಬೇಕು.