ಲೋಟದ ಕಾಫಿ ಸರಿಯಿತ್ತು, ಅಜ್ಜನ ಲುಕ್ಕೇ ತಪ್ಪಿತ್ತು

ಹೋದ ತಿಂಗಳು ಹಾಸನದ ನಾಲ್ಕು ಜನ ಕಾಲೇಜು ಹುಡುಗರು ಹಾರ್ಡ್ ಡಿಸ್ಕ್ ಹಿಡಿದುಕೊಂಡು ನನ್ನ ಎಡಿಟಿಂಗ್ ರೂಮಿಗೆ ಬಂದರು. ಮೊಬೈಲಲ್ಲಿ ತೆಗೆದ ಕಿರುಚಿತ್ರ. ಸಕಲೇಶಪುರದ ಹತ್ತಿರ ಅವರಲ್ಲೊಬ್ಬನ ಅಜ್ಜನ ಮನೆ, ನಟನೆಯೂ ಅಜ್ಜನದೇ. ಕತೆ ಸಣ್ಣದು. ಅಜ್ಜ, ಮೊಮ್ಮಗ ಜಗಲಿಯಲ್ಲಿ ಎದುರುಬದುರು ಕೂತು ಕಾಫಿ ಕುಡಿಯುತ್ತಾ, ತೋಟ ಮಾರುವ ವಿಚಾರಕ್ಕೆ ಜಗಳ ಆಡುತ್ತಾರೆ.

"ಸಾರ್, ಕಂಟಿನ್ಯೂಟಿ ಪಕ್ಕಾ ಇದೆ" ಅಂದ ಒಬ್ಬ. ಶಾಟಿಂದ ಶಾಟಿಗೆ ಏನೂ ಬದಲಾಗಿಲ್ಲ ಅಂತ ಅರ್ಥ. ಸುಳ್ಳಲ್ಲ. ಲೋಟದಲ್ಲಿ ಕಾಫಿ ಎಲ್ಲಿವರೆಗಿದೆ, ಟವೆಲ್ಲು ಯಾವ ಹೆಗಲ ಮೇಲಿದೆ, ಚಪ್ಪಲಿ ಎಲ್ಲಿ ಬಿಟ್ಟಿದ್ದಾರೆ, ಪ್ರತಿ ಟೇಕಿಗೂ ಮೊದಲು ಫೋಟೋ ಹೊಡೆದುಕೊಂಡಿದ್ದರು.

ಶಾಟ್‌ಗಳನ್ನು ಜೋಡಿಸಿ ನೋಡಿದರೆ, ಅಜ್ಜ ಮೊಮ್ಮಗ ಇಬ್ಬರೂ ಸೇರಿ ಆಚೆ ನಿಂತಿರುವ ಇನ್ಯಾರನ್ನೋ ಬೈಯುತ್ತಿದ್ದಾರೆ!

ಆಗಿದ್ದು ಇಷ್ಟು. ಮಾಸ್ಟರ್ ಶಾಟ್, ಅಂದರೆ ಇಬ್ಬರೂ ಕಾಣುವ ಹಾಗೆ ಇಡೀ ಸೀನನ್ನು ಹಿಡಿದ ಶಾಟ್, ಅಂಗಳದಿಂದ ತೆಗೆದಿದ್ದರು. ಅದರಲ್ಲಿ ಅಜ್ಜ ಎಡಗಡೆ ಕೂತು ಬಲಕ್ಕೆ ನೋಡುತ್ತಾರೆ, ಮೊಮ್ಮಗ ಬಲಗಡೆ ಕೂತು ಎಡಕ್ಕೆ ನೋಡುತ್ತಾನೆ. ಮೊಮ್ಮಗನ ಕ್ಲೋಸಪ್ಪೂ ಅಂಗಳದಿಂದಲೇ. ಅಜ್ಜನ ಕ್ಲೋಸಪ್ಪಿನ ಹೊತ್ತಿಗೆ ಮಂಜು ಇಳಿದಿದೆ, ಬಾಗಿಲ ಕಡೆಯಿಂದ ನೋಡಿದರೆ ಅವರ ಹಿಂದೆ ಅಂಗಳ, ಅದರಾಚೆ ಸಿಲ್ವರ್ ಓಕ್ ಮರಗಳು ಮಸುಕು ಮಸುಕಾಗಿ ಚೆಂದ ಕಂಡಿವೆ, ಕ್ಯಾಮೆರಾ ಹುಡುಗ ಹೋಗಿ ಅಲ್ಲೇ ಟ್ರೈಪಾಡ್ ಊರಿದ್ದಾನೆ. ಈಗ ಅಜ್ಜನೂ ಎಡಕ್ಕೇ ನೋಡುತ್ತಾರೆ.

ಇದೇ ಲೈನ್ ಕ್ರಾಸ್. 180 ಡಿಗ್ರಿ ರೂಲ್ ಅಂತ ಕ್ಲಾಸಲ್ಲಿ ಹೇಳಿಕೊಡುತ್ತಾರಲ್ಲ, ಅದು ಮುರಿದಿದ್ದು. ಮಾತಾಡುವ ಇಬ್ಬರ ಮೂಗಿನಿಂದ ಮೂಗಿಗೆ ಒಂದು ದಾರ ಕಟ್ಟಿದೆ ಅಂದುಕೊಳ್ಳಿ. ಮೊದಲ ಶಾಟ್ ದಾರದ ಯಾವ ಕಡೆಯಿಂದ ತೆಗೆದಿರೋ ಉಳಿದದ್ದೂ ಅದೇ ಕಡೆಯಿಂದ ತೆಗೆಯಿರಿ. ಆ ಅರ್ಧ ಸುತ್ತಿನೊಳಗೆ ಎಲ್ಲಿ ಬೇಕಾದರೂ ಓಡಾಡಿ. ಆಚೆ ಹೋಗಲೇಬೇಕು ಅಂದರೆ ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾ ದಾಟಲಿ, ಇಲ್ಲವೇ ಪಾತ್ರ ಎದ್ದು ಜಾಗ ಬದಲಿಸಲಿ. ಅದೂ ಆಗದಿದ್ದರೆ ದಾರದ ಮೇಲೆಯೇ ಕ್ಯಾಮೆರಾ ಇಟ್ಟು ನೇರ ಮುಖದ ಒಂದು ಶಾಟ್ ತೆಗೆದುಕೊಳ್ಳಿ, ನಡುವೆ ಹಾಕಲು ಬರುತ್ತದೆ.

ನೋಡುವವರು ಮೊದಲು ನೋಡುವುದು ಪಾತ್ರದ ಕಣ್ಣನ್ನು. ಆಮೇಲೆ ಏನು ಅಲ್ಲಾಡುತ್ತಿದೆ ಅನ್ನುವುದನ್ನು. ಲೋಟದ ಒಳಗೆ ಇಣುಕುವಷ್ಟು ಪುರಸೊತ್ತು ಅವರಿಗಿಲ್ಲ. ಫೋಟೋ ಹೊಡೆಯಬೇಡಿ ಅಂತಲ್ಲ, ಆದರೆ ಲುಕ್ (ಪಾತ್ರ ಯಾವ ಕಡೆ ನೋಡುತ್ತದೆ ಅನ್ನುವುದು) ಮತ್ತು ಆಕ್ಷನ್ ಸರಿ ಮಾಡಿಕೊಂಡ ಮೇಲೆ ಲೋಟದ ಹತ್ತಿರ ಹೋಗಿ.

ಆಕ್ಷನ್ನಿನಲ್ಲೂ ಇವರದೊಂದು ಎಡವಟ್ಟು. ಮಾಸ್ಟರಲ್ಲಿ ಅಜ್ಜ ಲೋಟಕ್ಕೆ ಕೈ ಹಾಕಿದ ತಕ್ಷಣ ಕಟ್ ಹೇಳಿದ್ದಾರೆ. ಕ್ಲೋಸಪ್ ಶುರುವಾಗುವಾಗ ಲೋಟ ಆಗಲೇ ತುಟಿಯಲ್ಲಿದೆ. ಲೋಟ ಮೇಲೆ ಹೋಗಿದ್ದು ಎಲ್ಲೂ ಇಲ್ಲ! ಎರಡೂ ಶಾಟಲ್ಲಿ ಕೈ ಹಾಕುವುದರಿಂದ ಕೆಳಗಿಡುವವರೆಗೆ ಪೂರ್ತಿ ಮಾಡಿಸಬೇಕು, ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಆಮೇಲೆ ಎಡಿಟಿಂಗ್ ಟೈಮ್‌ಲೈನಲ್ಲಿ ಕೈ ಅರ್ಧ ಎದ್ದಿರುವಾಗ ಕಟ್ ಮಾಡಿ. ಕಣ್ಣು ಕೈಯ ಹಿಂದೆ ಹೋಗುತ್ತಿರುತ್ತದೆ, ಕಟ್ ಆಗಿದ್ದು ಗೊತ್ತಾಗುವುದಿಲ್ಲ. ಎರಡು ಮೂರು ಫ್ರೇಮ್ ಹಿಂದೆಮುಂದೆ ಜರುಗಿಸಿ ನೋಡಿ, ಒಂದು ಜಾಗದಲ್ಲಿ ಅದು ತಾನಾಗಿ ಕೂತುಕೊಳ್ಳುತ್ತದೆ. ಹಾಗೇ, ಒಬ್ಬರದೇ ಎರಡು ಶಾಟ್ ಅಕ್ಕಪಕ್ಕ ಬರುವುದಾದರೆ ಕ್ಯಾಮೆರಾ 30 ಡಿಗ್ರಿಯಾದರೂ ಜರುಗಿರಲಿ, ಸೈಜೂ ಬದಲಾಗಲಿ. ಇಲ್ಲದಿದ್ದರೆ ಮನುಷ್ಯ ಸುಮ್ನೆ ಕೂತಲ್ಲೇ ಎಗರಿದ ಹಾಗೆ ಕಾಣುತ್ತಾನೆ.

ಮಲೆನಾಡಲ್ಲಿ ಶೂಟ್ ಮಾಡುವವರಿಗೆ ಮಂಜಿನ ಕಾಟ ಬೇರೆ. ಹತ್ತು ನಿಮಿಷದಲ್ಲಿ ಬರುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಹಿನ್ನೆಲೆ ಜಾಸ್ತಿ ಕಾಣುವ ವೈಡ್ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮೊದಲು ಮುಗಿಸಿ. ಕ್ಲೋಸಪ್ಪನ್ನು ಆಮೇಲೆ ಗೋಡೆ ಪಕ್ಕ ಕೂರಿಸಿಯೂ ತೆಗೆಯಬಹುದು. ಮೊಬೈಲು ತಾನಾಗಿ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್, ಬೆಳಕು ಹೊಂದಿಸುವ ಆಟೋ ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಒಂದೇ ಶಾಟಲ್ಲಿ ಅಜ್ಜನ ಬಿಳಿ ಅಂಗಿ ಒಮ್ಮೆ ನೀಲಿ, ಒಮ್ಮೆ ಹಳದಿ. ಮನೆಯೊಳಗೆ ಟ್ಯೂಬ್‌ಲೈಟಲ್ಲಿ ತೆಗೆಯುವಾಗ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದದಿದ್ದರೆ ಬೆಳಕು ಪಟಪಟ ಅನ್ನುತ್ತದೆ.

ಇವರ ಫುಟೇಜಲ್ಲಿ ಇನ್ನೊಂದು ವಿಚಿತ್ರ. ಅಜ್ಜ ಮಾತಾಡಿದಾಗಲೆಲ್ಲ ಜೀರುಂಡೆ ಕೂಗುತ್ತದೆ, ಮೊಮ್ಮಗ ಮಾತಾಡಿದರೆ ಗಪ್‌ಚುಪ್. ಮೈಕ್ ಆನ್ ಇಟ್ಟು, ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಅಲ್ಲಿನ ಸದ್ದನ್ನೇ ರೆಕಾರ್ಡ್ ಮಾಡಿಕೊಂಡು ಬಂದಿದ್ದರೆ ಇಡೀ ಸೀನಿನ ಕೆಳಗೆ ಹಾಸಿಬಿಡಬಹುದಿತ್ತು. ಸದ್ದು ಒಂದೇ ಸಮ ಹರಿದರೆ ಅರ್ಧ ಕಟ್‌ಗಳು ಮುಚ್ಚಿಹೋಗುತ್ತವೆ.

ನಾನೇನು ದೊಡ್ಡ ಜಾಣ ಅಲ್ಲ. ಕಲಿಯುವ ಕಾಲದಲ್ಲಿ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನಲ್ಲಿ ಬೇಸಿಗೆಯಲ್ಲಿ ಒಂದು ಸೀನ್ ತೆಗೆದಿದ್ದೆ, ನಾಯಕ ನಡೆದುಕೊಂಡು ಒಳಗೆ ಹೋಗುವುದು. ಒಂದು ಶಾಟ್ ಬಾಕಿ ಇತ್ತು. ಆಗಸ್ಟಲ್ಲಿ ಹೋದೆ. ಹೇಮಾವತಿ ಹಿನ್ನೀರು ತುಂಬಿದರೆ ಆ ಚರ್ಚು ಮುಳುಗುತ್ತದೆ ಅನ್ನುವುದು ಇಡೀ ಜಿಲ್ಲೆಗೆ ಗೊತ್ತು. ನಾಯಕ ಈಜಿಕೊಂಡು ಹೋಗಬೇಕಿತ್ತು.

ಈ ಹುಡುಗರೂ ಅಜ್ಜನ ಕ್ಲೋಸಪ್ ಮತ್ತೆ ತೆಗೆಯುತ್ತೇವೆ ಅಂತ ಹೊರಟರು. ಫೋನ್ ಮಾಡಿದರೆ ಅಜ್ಜ ಯಾವುದೋ ಮದುವೆಗೆ ಅಂತ ಗಡ್ಡ ಬೋಳಿಸಿಕೊಂಡು ಕೂತಿದ್ದಾರೆ. ಸರಿ, ಇದ್ದ ಕ್ಲೋಸಪ್ಪನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಅಡ್ಡಕ್ಕೆ ತಿರುಗಿಸಿದೆ. ಅಜ್ಜ ಬಲಕ್ಕೆ ನೋಡಿದರು, ಜಗಳ ಒಂದೇ ಸಲಕ್ಕೆ ಮೊಮ್ಮಗನ ಮೇಲೆ ಬಂತು. ಹಿಂದೆ ನಿಂತಿದ್ದ ಜೀಪಿನ ನಂಬರ್ ಪ್ಲೇಟ್ ಉಲ್ಟಾ ಆಯಿತು. ಫುಟೇಜ್ 4ಕೆ, ಹಿಗ್ಗಿಸಿದರೂ ಮಸುಕಾಗದಷ್ಟು ದೊಡ್ಡದು, ಹಾಗಾಗಿ ಸ್ವಲ್ಪ ಹಿಗ್ಗಿಸಿ ಜೀಪನ್ನು ಫ್ರೇಮಿನಿಂದ ಹೊರಗೆ ತಳ್ಳಿದೆ. ಅಂಗಿ ಜೇಬು ಮಾತ್ರ ಎಡಗಡೆಯಿಂದ ಬಲಗಡೆಗೆ ಬಂದುಬಿಟ್ಟಿತು, ಅದಕ್ಕೇನೂ ಮಾಡಲಾಗಲಿಲ್ಲ.

ಕಾಲೇಜಿನಲ್ಲಿ ತೋರಿಸಿದಾಗ ಒಬ್ಬರೂ ಕೇಳಲಿಲ್ಲವಂತೆ. ಊರಿಗೆ ಹೋಗಿ ಅಜ್ಜನಿಗೆ ತೋರಿಸಿದ್ದಾರೆ. ಪೂರ್ತಿ ನೋಡಿ, ಕನ್ನಡಕ ತೆಗೆದು, "ಚೆನ್ನಾಗೈತೆ ಕಣೋ, ಆದ್ರೆ ಆ ಟೈಲರ್ ನನ್ ಜೇಬು ಯಾಕೆ ಈ ಕಡೆ ಹೊಲ್ದವ್ನೆ?" ಅಂದರಂತೆ.